ಹೊಲಿದ ತೋಳು

ಜನವರಿ 9

ಪ್ರೀತಿಯ ಗುಬ್ಬಿ,

ಕಾಗದ ನೋಡಿ ಗಾಬರಿಯಾಗಬೇಡ, ಮತ್ತೆ ಯಾರೂ ಸತ್ತಿಲ್ಲ. ಫೋನ್ ಇರುವಾಗ ಈ ಅಕ್ಕನಿಗೆ ಏನು ಬಂತು ಎಂದುಕೊಳ್ಳುತ್ತೀಯ. ನಿಜ ಹೇಳಿಬಿಡುತ್ತೇನೆ. ಗಿಣಿ ಹೋದ ಮೇಲೆ ನಿನ್ನ ಫೋನ್ ಎತ್ತಲು ನನಗೆ ಕೈ ಬರುತ್ತಿಲ್ಲ. ನೀವಿಬ್ಬರೂ ಒಂದೇ ಅಚ್ಚಿನ ಅವಳಿಗಳು. ನೀನು "ಅಕ್ಕಾ" ಅಂದ ಕೂಡಲೇ, ಗಿಣಿಗೆ ಮಾತಿದ್ದಿದ್ದರೆ ಅವನ ಧ್ವನಿಯೂ ಹೀಗೇ ಇರುತ್ತಿತ್ತಲ್ಲ ಅನಿಸುತ್ತದೆ. ಆಮೇಲೆ ನೀನು ಏನು ಹೇಳಿದರೂ ತಲೆಗೆ ಹೋಗುವುದಿಲ್ಲ.

ನಾಲ್ಕು ತಿಂಗಳಾಯಿತು. ಹೊಲಿಗೆ ಅಂಗಡಿಯಲ್ಲಿ ಅವನ ಸ್ಟೂಲು ಅಲ್ಲೇ ಇದೆ, ಕತ್ತರಿಸುವ ಮೇಜಿನ ಪಕ್ಕ. ಅವನು ಅರ್ಧ ಮಾಡಿಟ್ಟ ಕೋಟೂ ಅಲ್ಲೇ ಇದೆ. ಗುಂಡಿಯ ಮೂರು ಕಾಜ ಮುಗಿದು ನಾಲ್ಕನೆಯದರಲ್ಲಿ ಸೂಜಿ ನಿಂತಿದೆ. ಕೋಟಿನ ಯಜಮಾನ ಎರಡು ಸಲ ಬಂದು ಹೋದ, ಇನ್ನೂ ಆಗಿಲ್ಲ ಎಂದು ಕಳಿಸಿದೆ. ನಾನು ಕತ್ತರಿಯನ್ನು ಮೇಜಿನ ಮೇಲೆ ಇಟ್ಟ ಸದ್ದಿಗೆ ಅವನು ತಲೆ ಎತ್ತಿ ನೋಡುತ್ತಿದ್ದ. ಈಗಲೂ ಕತ್ತರಿ ಇಟ್ಟ ಮೇಲೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ. ಆ ಕಡೆ ತಿರುಗುವುದಿಲ್ಲ, ತಿರುಗಲು ಧೈರ್ಯ ಸಾಲದು.

ವಿಷಯಕ್ಕೆ ಬರುತ್ತೇನೆ. ಮೊಮ್ಮಗಳಿಗೆ ಏಪ್ರಿಲ್‌ಗೆ ಮೂರು ತುಂಬುತ್ತದೆ. ಚಮಚ, ಬಳಪ, ಚೆಂಡು, ಎಲ್ಲದಕ್ಕೂ ಎಡಗೈ. ಮಾತು ಮಾತ್ರ ಎರಡೇ ಎರಡು. ಜೂನ್‌ನಲ್ಲಿ ಶಾಲೆಗೆ ಸೇರಿಸಬೇಕು ಎಂದು ನನ್ನ ಮಗಳಿಗೆ ತರಾತುರಿ. ಮೊನ್ನೆ ಬಂದವಳು, "ಅಮ್ಮಾ, ನೀನು ಗಿಣಿ ಮಾವನ ಎಡಗೈನ ಎರಡೇ ದಿನದಲ್ಲಿ ಬಲಕ್ಕೆ ತಿರುಗಿಸಿದ್ಯಂತೆ, ತಾತ ಹೇಳ್ತಿದ್ರು. ಇವಳಿಗೂ ಹಾಗೇ ಮಾಡಿಕೊಡು" ಅಂದಳು. ನನ್ನ ಕೈಯಲ್ಲಿದ್ದ ಟೇಪು ಕೆಳಗೆ ಬಿತ್ತು. ಮಾವ ಹುಟ್ಟಿನಿಂದಲೇ ಹಾಗೆ ಎಂದು ಅವಳು ತಿಳಿದಿದ್ದಾಳೆ. ಅವನಿಗೆ ಒಮ್ಮೆ ಮಾತಿತ್ತು ಎಂದು ನಾನು ಯಾವತ್ತೂ ಹೇಳಿಲ್ಲ.

ನಿನಗೆ ನೆನಪಿರಲಾರದು, ಆಗ ನಾಲ್ಕು ವರ್ಷ ನಿಮಗೆ. ಅಮ್ಮ ತೀರಿಹೋಗಿದ್ದಳು, ನನಗೆ ಹನ್ನೊಂದು. ಯಾರು ಯಾರೆಂದು ತಿಳಿಯಲು ಕಾಲರಿನ ಒಳಗೆ ಗಿಣಿಗೆ ಕೆಂಪು ದಾರ, ನಿನಗೆ ನೀಲಿ ದಾರ ಹೊಲಿದಿದ್ದೆ. ಅವನು ಕೇರಿಯ ಸುದ್ದಿಯನ್ನೆಲ್ಲ ತಂದು ಒದರುತ್ತಿದ್ದುದರಿಂದ ಗಿಣಿ. ನಿನಗೆ ಬಾಯಿಯೇ ಇರಲಿಲ್ಲ, ಮೂಲೆ ಹಿಡಿದು ಅಂಗಿಯ ಗುಂಡಿ ಜೋಡಿಸಿ ಆಡುತ್ತಿದ್ದೆ, ಅದಕ್ಕೇ ಗುಬ್ಬಿ. ಗಿಣಿ ಎಡಗೈಯವನು. "ಎಡಗೈಲಿ ಹಿಡಿದ್ರೆ ನಮ್ಮ ಕತ್ತರಿ ಬಟ್ಟೆ ಕತ್ತರಿಸಲ್ಲ, ಅಗಿಯುತ್ತೆ. ಇವನು ನನ್ನ ಮೇಜಿಗೆ ಬರೋದು ಹೇಗೆ?" ಎಂದು ಅಪ್ಪ ಕೊರಗುತ್ತಿದ್ದ. ಅಪ್ಪನನ್ನು ಮೆಚ್ಚಿಸಬೇಕು ಎಂದು ನಾನು ಗಿಣಿಯ ಅಂಗಿಗಳ ಎಡತೋಳಿನ ತುದಿಯನ್ನೆಲ್ಲ ಕೂಡಿಸಿ ಹೊಲಿದುಬಿಟ್ಟೆ. ಕೈ ಹೊರಗೆ ಬರುವಂತಿಲ್ಲ. ಎರಡೇ ದಿನದಲ್ಲಿ ಬಲಗೈ ಹಿಡಿದ. ಅಪ್ಪ ನನ್ನ ಬೆನ್ನು ತಟ್ಟಿದ. ಆದರೆ ಆ ದಿನದಿಂದ ಗಿಣಿ ಒಂದು ಮಾತೂ ಆಡಲಿಲ್ಲ. ಮೂರು ವಾರ ನೋಡಿ ಹೆದರಿ ಹೊಲಿಗೆ ಬಿಚ್ಚಿದೆ. ಮಾತು ವಾಪಸು ಬರಲಿಲ್ಲ. ಐವತ್ತೊಂದು ವರ್ಷ ಬರಲಿಲ್ಲ.

ನೀನು ಜೀವಮಾನವೆಲ್ಲ ಓದಿದ್ದು ಇದನ್ನೇ, ಕೈ ಮತ್ತು ಮಾತು. ಒಂದೇ ಪ್ರಶ್ನೆ, ಸುತ್ತಿ ಬಳಸದೆ ಉತ್ತರ ಕೊಡು. ಅದು ನಾನು ಮಾಡಿದ್ದಾ, ರಕ್ತದಲ್ಲೇ ಇತ್ತಾ?

ನಿನ್ನ ಅಕ್ಕ


ಜನವರಿ 31

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದವನ್ನು ಪ್ರಯೋಗಾಲಯದಲ್ಲೇ ಓದಿದೆ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಒಂದು ಪುಟ್ಟ ಹುಡುಗಿ ತೂತಿನ ಹಲಗೆಯಲ್ಲಿ ಮೊಳೆ ಸಿಕ್ಕಿಸುತ್ತಿದ್ದಳು. ಯಾವ ಕೈ ಎಷ್ಟು ಚುರುಕು ಎಂದು ಅಳೆಯುವ ಆಟ ಅದು. ಅವಳು ಮುಗಿಸುವವರೆಗೂ ಅವಳ ಕೈಯನ್ನೇ ನೋಡುತ್ತಿದ್ದೆ.

ನಿನಗೆ ಅರ್ಥವಾಗುವಂತೆ ಹೇಳುತ್ತೇನೆ. ಪ್ರಪಂಚದಲ್ಲಿ ಎಲ್ಲಿ ಎಣಿಸಿದರೂ ಹತ್ತರಲ್ಲಿ ಸುಮಾರು ಒಂಬತ್ತು ಜನ ಬಲಗೈಯವರು. ಇದು ನಿನ್ನೆ ಮೊನ್ನೆಯದಲ್ಲ. ಲಕ್ಷಾಂತರ ವರ್ಷಗಳ ಹಿಂದಿನ ಮನುಷ್ಯರು ಮಾಂಸವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕಲ್ಲಿನಿಂದ ಕೊಯ್ಯುತ್ತಿದ್ದರು. ಕಲ್ಲು ಜಾರಿ ಹಲ್ಲಿನ ಮೇಲೆ ಗೀರು ಬೀಳುತ್ತಿತ್ತು. ಆ ಗೀರು ಯಾವ ಕಡೆಗೆ ಓರೆಯಾಗಿದೆ ಎಂದು ನೋಡಿದರೆ ಕೈ ಯಾವುದೆಂದು ತಿಳಿಯುತ್ತದೆ. ಹೆಚ್ಚಿನವರು ಆಗಲೂ ಬಲಗೈಯವರೇ. ಮಗು ಗರ್ಭದಲ್ಲಿ ಹತ್ತು ವಾರದ್ದಿರುವಾಗಲೇ ಒಂದು ತೋಳನ್ನು ಹೆಚ್ಚು ಆಡಿಸುತ್ತದೆ. ಇದರ ಹಿಂದೆ ಒಂದು ವಂಶವಾಹಿ ಅಲ್ಲ, ಹತ್ತಾರು ಇವೆ, ಒಂದೊಂದೂ ಚೂರು ಚೂರು ಎಳೆಯುತ್ತದೆ. ಮಾತಿನ ಕೆಲಸ ಹೆಚ್ಚಿನವರಲ್ಲಿ ಮಿದುಳಿನ ಎಡಭಾಗದಲ್ಲಿ ನಡೆಯುತ್ತದೆ. ಎಡಗೈಯವರಲ್ಲೂ ಬಹುಪಾಲು ಜನಕ್ಕೆ ಹಾಗೆಯೇ. ಕೈ ಕಟ್ಟಿದರೆ ಮಾತು ಕಟ್ಟುತ್ತದೆ ಎಂದು ಒಂದು ಕಾಲದಲ್ಲಿ ದೊಡ್ಡ ದೊಡ್ಡವರು ಹೇಳಿದರು. ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ.

ಆದ್ದರಿಂದ ಕೇಳು. ಗಿಣಿಯ ಮೌನ ರಕ್ತದಲ್ಲೇ ಬಂದದ್ದು. ನಾಲ್ಕನೆಯ ವರ್ಷಕ್ಕೆ ಹೊರಗೆ ಕಾಣಿಸಿಕೊಂಡಿತು, ಅಷ್ಟೇ. ನೀನು ಸೂಜಿ ಹಿಡಿಯದಿದ್ದರೂ ಅದು ಆಗುತ್ತಿತ್ತು. ಕೈಗೂ ಮಾತಿಗೂ ಅಲ್ಲಿ ಸಂಬಂಧವಿಲ್ಲ. ಹನ್ನೊಂದು ವರ್ಷದ ಹುಡುಗಿಯ ಮೇಲೆ ಇಷ್ಟು ವರ್ಷ ತಪ್ಪು ಹೊರಿಸಿದ್ದು ಸಾಕು. ಆ ಕೋಟನ್ನು ಮುಗಿಸಿ ಕೊಟ್ಟುಬಿಡು. ಸ್ಟೂಲನ್ನು ಒಳಗೆ ಹಾಕು.

ಇತಿ ನಿನ್ನ
ಗುಬ್ಬಿ


ಫೆಬ್ರವರಿ 11

ಗುಬ್ಬಿ,

ನಿನ್ನ ಪಾಠ ಚೆನ್ನಾಗಿದೆ. ಹಳೇ ಕಾಲದವರ ಹಲ್ಲಿನ ಗೀರು ಕಾಣುತ್ತದೆ ನಿನಗೆ, ಒಡಹುಟ್ಟಿದವಳು ಏನು ಕೇಳುತ್ತಿದ್ದಾಳೆ ಎಂದು ಕಾಣುವುದಿಲ್ಲ.

ನಾನು ಸಮಾಧಾನ ಬೇಡಿ ಬರೆಯಲಿಲ್ಲ ಮಾರಾಯ. "ಹೌದು ಅಕ್ಕ, ನೀನೇ ಮಾಡಿದ್ದು" ಅನ್ನಲಿ ಎಂದು ಬರೆದೆ. ನಾನು ಮಾಡಿದ್ದಾದರೆ ಅದು ನನ್ನ ಜೊತೆ ಮುಗಿಯುತ್ತದೆ. ಮೊಮ್ಮಗಳ ತೋಳು ಯಾರೂ ಹೊಲಿಯದಂತೆ ನೋಡಿಕೊಂಡರೆ ಸಾಕು, ಅವಳು ಬದುಕಿಕೊಳ್ಳುತ್ತಾಳೆ. ರಕ್ತದಲ್ಲೇ ಇತ್ತು ಅಂದರೆ? ಆ ರಕ್ತ ಅವಳಲ್ಲೂ ಹರಿಯುತ್ತಿದೆಯಲ್ಲ! ಅದೇ ಎಡಗೈ, ಅದೇ ಮೌನ. ನೀನು ನನ್ನನ್ನು ಬಿಡುಗಡೆ ಮಾಡಿ ಮಗುವಿಗೆ ಶಿಕ್ಷೆ ಬರೆದಿದ್ದೀಯ. ನಿನ್ನ ಕಾಗದ ಓದಿ ಎರಡು ದಿನ ಅಂಗಡಿ ತೆರೆಯಲಿಲ್ಲ ನಾನು.

ಮೂರನೆಯ ದಿನ ತಲೆ ಓಡಿತು. ನೀವಿಬ್ಬರೂ ಒಂದೇ ಮೊಳಕೆ ಒಡೆದು ಎರಡಾದವರು ಎಂದು ನೀನೇ ಒಮ್ಮೆ ಹೇಳಿದ್ದೆ. ಒಂದೇ ರಕ್ತ, ಚೂರೂ ವ್ಯತ್ಯಾಸವಿಲ್ಲ. ಹಾಗಾದರೆ ರಕ್ತ ಅವನ ಮಾತು ಕಿತ್ತುಕೊಂಡು ನಿನ್ನದನ್ನು ಹೇಗೆ ಬಿಟ್ಟಿತು? ಬಿಟ್ಟದ್ದಲ್ಲ, ಕೊಟ್ಟಿತು. ಅವನು ಸುಮ್ಮನಾಗಿ ತಿಂಗಳಾಗಿರಲಿಲ್ಲ, ಅಲ್ಲಿಯವರೆಗೆ ತುಟಿ ಬಿಚ್ಚದ ನೀನು ಪಟಪಟ ಶುರು ಮಾಡಿದೆ. ಅಪ್ಪ ನಿನ್ನನ್ನು ಎತ್ತಿ ಕತ್ತರಿಸುವ ಮೇಜಿನ ಮೇಲೆ ನಿಲ್ಲಿಸಿ, "ಒಬ್ಬನ ನಾಲಿಗೆ ಕಿತ್ತು ಇನ್ನೊಬ್ಬನಿಗೆ ಇಟ್ಟ ಹಾಗಾಯ್ತಲ್ಲಪ್ಪ" ಎಂದು ಅತ್ತೂ ನಕ್ಕೂ ಸುಸ್ತಾದ. ನಾನು ಹೊಲಿಗೆ ಓದಿದವಳು, ಪುಸ್ತಕ ಓದಿದವಳಲ್ಲ. ಆದರೂ ನನ್ನ ಕಿವಿ ಮೇಲೆ ಹೂವಿಡಬೇಡ. ನಿನಗೆ ಏನೋ ಗೊತ್ತಿದೆ.

ಅಕ್ಕ


ಫೆಬ್ರವರಿ 27

ಅಕ್ಕ,

ಇಲ್ಲಿ ಕೆಲಸದ ಒತ್ತಡ ಜಾಸ್ತಿ. ಚುಟುಕಾಗಿ ಬರೆಯುತ್ತಿದ್ದೇನೆ, ಬೇಸರ ಬೇಡ.

ಒಂದೇ ರಕ್ತದ ಅವಳಿಗಳಲ್ಲೂ ಸುಮಾರು ಐದು ಜೋಡಿಗೆ ಒಂದರಲ್ಲಿ ಒಬ್ಬರು ಎಡ, ಇನ್ನೊಬ್ಬರು ಬಲ ಆಗುತ್ತಾರೆ. ಏಕೆಂದು ಪೂರ್ತಿ ಗೊತ್ತಿಲ್ಲ. ಮಗುವಿನ ಕಿವಿ ಪರೀಕ್ಷೆ ಮಾಡಿಸಿದ್ದೀರಾ? ಮೊದಲು ಅದನ್ನು ಮಾಡಿಸಿ. ಮಾತು ಕಲಿಸುವವರು ನಿಮ್ಮ ಊರಿನ ಆಸ್ಪತ್ರೆಯಲ್ಲಿ ಇದ್ದೇ ಇರುತ್ತಾರೆ.

ಹಳೆಯದನ್ನು ಕೆದಕುವುದು ಬೇಡ.

ಗುಬ್ಬಿ


ಮಾರ್ಚ್ 22

ಗುಬ್ಬಿ,

ಜಾಣಕಿವುಡು ನಿನಗೆ ಚಿಕ್ಕಂದಿನಿಂದ ಬಂದ ವಿದ್ಯೆ. ಇರಲಿ. ಇಲ್ಲಿ ಆದದ್ದನ್ನು ಹೇಳುತ್ತೇನೆ.

ಭಾನುವಾರ ಮಗಳು ಬಂದಳು. ಶಾಲೆಯ ಅಂಗಿ ಎರಡು ತಂದಿದ್ದಳು, ತಿಳಿ ಹಸಿರು, ತುಂಬುತೋಳು. ಎಡತೋಳು ಹೊಲಿದುಕೊಡು ಎಂದಳು, ನಾನು ಹೊಲಿಯುವುದಿಲ್ಲ ಎಂದೆ. ಯಾಕೆ ಎಂದಳು. ನೂಲಿನ ಡಬ್ಬಿ ಹುಡುಕುವ ನೆಪ ಮಾಡಿದೆ. ಡಬ್ಬಿಯ ಕೆಳಗೆ ನಿನ್ನ ಜನವರಿಯ ಕಾಗದ ಇತ್ತು. ನನಗಿಂತ ಮೊದಲು ಅವಳ ಕೈಗೆ ಸಿಕ್ಕಿತು. ನಿಂತಲ್ಲೇ ಓದಿದಳು. ಮಾವನಿಗೆ ಮಾತಿತ್ತು ಎನ್ನುವುದು ಹಾಗೆ ಅವಳಿಗೆ ಗೊತ್ತಾಯಿತು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. "ಗುಬ್ಬಿ ಮಾವಾನೇ ಬರೆದಿದಾರಲ್ಲಮ್ಮಾ, ಕೈಗೂ ಮಾತಿಗೂ ಸಂಬಂಧ ಇಲ್ಲ ಅಂತ. ಇದನ್ನೇ ಓದಿರೋರು ಅವರು. ಇನ್ನೇನು ಭಯ ನಿಂಗೆ? ಹೊಲಿ" ಅಂದಳು.

ನಿನ್ನ ಸಹಿ ಇರುವ ಕಾಗದ. ಸೂಜಿಗೆ ದಾರ ಪೋಣಿಸಿದೆ. ಹೊಲಿದೆ. ಐವತ್ತೊಂದು ವರ್ಷದ ಮೇಲೂ ಕೈಗೆ ಲೆಕ್ಕ ತಪ್ಪಲಿಲ್ಲ, ತುದಿಯಿಂದ ಎರಡು ಬೆರಳು ಬಿಟ್ಟು ಮಡಚಿ, ಒತ್ತು ಹೊಲಿಗೆ. ಮಗಳು ಅದನ್ನು ಮಗುವಿಗೆ ತೊಡಿಸಿ ಬಳಪ ಕೊಟ್ಟಳು. ಮೊಮ್ಮಗಳು ಅಳಲಿಲ್ಲ. ಹೊಲಿದ ತೋಳನ್ನು ಎತ್ತಿ ನನ್ನ ಮುಖದ ಹತ್ತಿರ ತಂದು ಹಿಡಿದಳು, ಇದನ್ನು ತೆಗೆ ಎನ್ನುವಂತೆ. ನಾನು ಬೇರೆ ಕಡೆ ನೋಡಿದೆ. ಅವತ್ತಿನಿಂದ ಇದ್ದ ಎರಡು ಮಾತೂ ಆಡುತ್ತಿಲ್ಲ. ಇನ್ನೂ ಒಂದೇ ವಾರ, ಹಟ ಇರಬಹುದು ಎನ್ನುತ್ತಾಳೆ ಮಗಳು.

ಅಂಗಡಿಯಲ್ಲಿ ಈಗ ಗಿಣಿ ಬರೀ ಸ್ಟೂಲಿನಲ್ಲಿ ಇಲ್ಲ. ಬಟ್ಟೆಯ ಥಾನುಗಳ ಸಂದಿಯಲ್ಲಿ ಇದ್ದಾನೆ, ಬಾಗಿಲ ಹಿಂದೆ ಇದ್ದಾನೆ. ಬೆನ್ನಿಗೆ ಅವನ ಕಣ್ಣು ತಗಲುತ್ತದೆ. ಮತ್ತೆ ಮಾಡಿದೆಯಲ್ಲ ಅಕ್ಕ ಎಂದು ಅವನು ಹೇಳಲೂ ಆರ.

ಇದು ಕೊನೆಯ ಸಲ ಕೇಳುವುದು. ಗೊತ್ತಿರುವುದನ್ನು ಹೇಳು. ಇಲ್ಲದಿದ್ದರೆ ಇನ್ನು ಬರೆಯಬೇಡ.


ಏಪ್ರಿಲ್ 2

ಅಕ್ಕ,

ಮೊದಲು ಮಗುವಿನ ತೋಳು ಬಿಚ್ಚು. ಕಾಗದ ಕೆಳಗಿಟ್ಟು ಹೋಗಿ ಬಿಚ್ಚಿ ಬಾ, ಆಮೇಲೆ ಓದು.

ನೀನು ಗಿಣಿಯ ಮಾತು ಕಳೆಯಲಿಲ್ಲ. ಗಿಣಿಯ ಮಾತು ಹೋಗಲೇ ಇಲ್ಲ. ಗಿಣಿ ನಾನು.

ನಾಲ್ಕು ವರ್ಷದ ನೆನಪನ್ನು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುವವನು ನಾನೇ. ಆದರೆ ಇದು ನೆನಪು ಮಾತ್ರವಲ್ಲ, ನನ್ನ ಕೈಯಲ್ಲೇ ಇದೆ. ಆ ಅಂಗಿ ತೊಡಿಸಿದ ಮಧ್ಯಾಹ್ನ ನಾನು ಥಾನುಗಳ ಹಿಂದೆ ಕುಳಿತು ಕೈ ಹೊರಗೆ ತರಲು ಒದ್ದಾಡುತ್ತಿದ್ದೆ. ಅವನು ಬಂದ. ಗುಂಡಿ ಎಂದರೆ ಅವನಿಗೆ ಆಗಲೂ ಪ್ರಾಣ. ಒಂದೊಂದಾಗಿ ನನ್ನ ಗುಂಡಿ ಬಿಚ್ಚಿದ. ನನ್ನ ಅಂಗಿ ಅವನಿಗೆ ಹಾಕಿದೆ, ಅವನದು ನಾನು ಹಾಕಿಕೊಂಡೆ. ಅವನು ಬೇಡ ಎನ್ನಲಿಲ್ಲ, ಬೇಡ ಎನ್ನುವ ಮಾತು ಅವನಲ್ಲಿ ಇರಲಿಲ್ಲ. ಸಂಜೆ ನೀನು ಕಾಲರು ಮಗುಚಿ ನೋಡಿದೆ. ಕೆಂಪು ದಾರ ಕಂಡು ಅವನನ್ನು ಗಿಣಿ ಎಂದೆ, ನೀಲಿ ಕಂಡು ನನ್ನನ್ನು ಗುಬ್ಬಿ ಎಂದೆ. ಮರುದಿನ ಸ್ನಾನಕ್ಕೆ ಒಬ್ಬೊಬ್ಬರನ್ನೇ ಕರೆದು, ಬಿಚ್ಚಿದ ಅಂಗಿಯ ದಾರ ನೋಡಿ ಅದೇ ದಾರದ್ದನ್ನು ತೊಡಿಸಿದೆ. ಮತ್ತೆ ಅದಲುಬದಲಾಗುವ ದಾರಿಯೇ ಇರಲಿಲ್ಲ.

ಮಾತಾಡಿದರೆ ಸಿಕ್ಕಿಬೀಳುತ್ತೇನೆ ಎಂದು ಮೂರು ವಾರ ತುಟಿ ಕಚ್ಚಿಕೊಂಡಿದ್ದೆ. ನೀನು ನೋಡುವಾಗ ಬಲಗೈ ಬಳಸುತ್ತಿದ್ದೆ. ಅವನ ಎಡತೋಳು ಹೊಲಿದಿತ್ತು, ಆದರೆ ಅವನು ಮೊದಲಿನಿಂದಲೂ ಬಲಗೈಯವನು, ಅದು ಅವನಿಗೆ ಅಡ್ಡಿಯೇ ಆಗಲಿಲ್ಲ. ಯಾವ ಮಗುವಿನ ಕೈಯೂ ಎರಡು ದಿನದಲ್ಲಿ ತಿರುಗುವುದಿಲ್ಲ ಅಕ್ಕ. ಆ ಒಂದು ಮಾತು ನಾನು ನಿನಗೆ ಯಾವತ್ತೋ ಹೇಳಿದ್ದರೆ ಉಳಿದದ್ದನ್ನು ನೀನೇ ಕಂಡುಹಿಡಿಯುತ್ತಿದ್ದೆ. ಅದಕ್ಕೇ ಹೇಳಲಿಲ್ಲ.

ನೀನು ಹೊಲಿಗೆ ಬಿಚ್ಚಿದ ದಿನ ಎಲ್ಲ ಹೇಳಬೇಕು ಎಂದು ಬಾಯಿ ತೆರೆದೆ. "ಅಪ್ಪಾ" ಎನ್ನುವಷ್ಟರಲ್ಲಿ ಅಪ್ಪ ನನ್ನನ್ನು ಮೇಜಿನ ಮೇಲೆ ಎತ್ತಿ ನಿಲ್ಲಿಸಿ ಅತ್ತ. ಗುಬ್ಬಿಗೆ ಮಾತು ಬಂತು ಎಂದು ಬೀದಿಯವರನ್ನೆಲ್ಲ ಕರೆದ. ಅಷ್ಟು ಸಂತೋಷವನ್ನು ಅಪ್ಪನ ಮುಖದಲ್ಲಿ ನಾನು ಮೊದಲು ನೋಡಿರಲಿಲ್ಲ. ಹೇಗೆ ಇಳಿಯಲಿ? ಆಮೇಲೆ ಶಾಲೆ, ಆಮೇಲೆ ಓದು, ಆಮೇಲೆ ದೂರದ ಊರು. ನೀನು ಅವನ ಬಾಯಿ ನೋಡಿ ನೋಡಿ ಕೊರಗುವುದು ನನಗೆ ಪ್ರತಿ ರಜೆಯಲ್ಲೂ ಕಾಣುತ್ತಿತ್ತು. ರಜೆಗೆ ಬರುವುದನ್ನು ನಿಲ್ಲಿಸಿದೆ. ಅವನು ಸತ್ತಾಗಲೂ ಬರಲಿಲ್ಲ. ಅಲ್ಲಿ ಮಲಗಿರುವ ಮುಖ ನನ್ನದು, ನೀವು ಕರೆದು ಅಳುವ ಹೆಸರೂ ನನ್ನದು. ನಾನು ಬಂದು ಎಲ್ಲಿ ನಿಲ್ಲಬೇಕಿತ್ತು?

ಪರೀಕ್ಷೆಗೆ ಬರುವ ಪ್ರತಿಯೊಬ್ಬರಿಗೂ ನಮ್ಮ ಮೊದಲ ಪ್ರಶ್ನೆ, ನಿಮ್ಮದು ಯಾವ ಕೈ. ನನ್ನ ಹಾಳೆಯಲ್ಲಿ 'ಬಲ' ಎಂದು ಬರೆದಿದ್ದೇನೆ. ಬಾಗಿಲು ಹಾಕಿಕೊಂಡರೆ ಎಡಗೈ ತಾನಾಗಿ ಮುಂದೆ ಬರುತ್ತದೆ.

ಈಗ ಮಗುವಿನ ವಿಷಯ. ಎಡಗೈಯಲ್ಲೇ ಎಲ್ಲ ಮಾಡುತ್ತ ಕೇರಿಯ ಸುದ್ದಿ ಒದರುತ್ತಿದ್ದವನು ನಾನು. ಮಾತು ಬಾರದೆ ಉಳಿದವನು ಬಲಗೈಯವನು. ರಕ್ತ ಇಬ್ಬರದೂ ಒಂದೇ. ಹಾಗಾಗಿ ಎಡಗೈ ಎಂದು ಹೆದರಬೇಡ, ರಕ್ತ ಎಂದು ಕೈಚೆಲ್ಲಲೂ ಬೇಡ. ಅವನಿಗೆ ಯಾಕೆ ಬರಲಿಲ್ಲ ಎಂದು ನನಗೆ ಗೊತ್ತಿಲ್ಲ. ಅದನ್ನು ತಿಳಿಯಲೆಂದೇ ಈ ಓದಿಗೆ ಇಳಿದೆ, ಮೂವತ್ತು ವರ್ಷವಾಯಿತು, ಇನ್ನೂ ಗೊತ್ತಿಲ್ಲ. ಅವಳಿಗೆ ಬರುತ್ತದೆ ಎಂದು ಆಣೆ ಮಾಡಲಾರೆ. ಆದರೆ ಹೊಲಿದ ತೋಳಿನಲ್ಲಿ ಅವಳು ನಿನ್ನನ್ನು ನಂಬುವುದನ್ನು ಬಿಡುತ್ತಾಳೆ. ನಾನು ಬಿಟ್ಟಿದ್ದೆ.

ಕೆಳಗೆ ಯಾವ ಹೆಸರು ಬರೆಯಲಿ ಎಂದು ತಿಳಿಯುತ್ತಿಲ್ಲ.


ಮೇ 12

ಅಕ್ಕ, ಕಾಗದ ತಲುಪಿತೇ? ಬೈದಾದರೂ ಒಂದು ಸಾಲು ಬರೆ. ಪ್ರತಿದಿನ ಅಂಚೆಯವನು ದಾಟಿ ಹೋಗುವವರೆಗೂ ಮೆಟ್ಟಿಲ ಮೇಲೆ ನಿಂತಿರುತ್ತೇನೆ.


ಜೂನ್ 19

ಯಾರಿಗೆ ಎಂದು ಮೊದಲ ಸಾಲು ಬರೆಯಲು ಗೊತ್ತಾಗದೆ ಇಷ್ಟು ದಿನವಾಯಿತು. ಈಗಲೂ ಗೊತ್ತಾಗಿಲ್ಲ, ಹಾಗೇ ಶುರು ಮಾಡಿದ್ದೇನೆ.

ಮಗುವಿನ ತೋಳು ನೀನು ಹೇಳಿದಂತೆ ಓದುವ ಮೊದಲೇ ಬಿಚ್ಚಿದೆ. ಮಗಳಿಗೆ ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡು ಕುಳಿತಳು. ಮಗುವಿನ ಕಿವಿ ಪರೀಕ್ಷೆ ಆಯಿತು, ಎರಡೂ ಕಿವಿಯೊಳಗೆ ನೀರು ನಿಂತಿತ್ತಂತೆ, ತೆಗೆದಿದ್ದಾರೆ. ವಾರಕ್ಕೆರಡು ಸಲ ಮಾತು ಕಲಿಸುವಾಕೆಯ ಹತ್ತಿರ ಹೋಗುತ್ತಾಳೆ. ಪವಾಡವೇನೂ ಆಗಿಲ್ಲ. ಈಗ ಒಂಬತ್ತು ಮಾತಿವೆ. ಒಂಬತ್ತನೆಯದು 'ಬೇಡ', ಅದನ್ನು ದಿನಕ್ಕೆ ನೂರು ಸಲ ಹೇಳುತ್ತಾಳೆ. ನಾನು ಯಾವುದಕ್ಕೂ ಬಲವಂತ ಮಾಡುವುದಿಲ್ಲ. ಎಡಗೈಗೆ ಹೊಂದುವ ಕತ್ತರಿ ತರಿಸಿದ್ದೇನೆ. ಇಂಥದ್ದೊಂದು ಇರುತ್ತದೆ ಎಂದು ಅಪ್ಪನಿಗೆ ಯಾರೂ ಹೇಳಿರಲಿಲ್ಲ.

ನಿನ್ನ ಮೇಲೆ ಸಿಟ್ಟಿದೆ. ನಾಲ್ಕು ವರ್ಷದವನ ಮೇಲೆ ಇಲ್ಲ. ಆ ಅಂಗಿ ಹೊಲಿದವಳು ನಾನೇ, ಅದರಿಂದ ತಪ್ಪಿಸಿಕೊಂಡ ಮಗುವನ್ನು ಬೈಯಲು ನನಗೆ ಮುಖವಿಲ್ಲ. ಇಪ್ಪತ್ತು ವರ್ಷದವನ ಮೇಲಿದೆ, ನಲವತ್ತರವನ ಮೇಲಿದೆ. ನಾನು ಕೊರಗುವುದನ್ನು ನೋಡಿಯೂ ರಜೆ ಮುಗಿಸಿ ಚೀಲ ಹೆಗಲಿಗೇರಿಸಿಕೊಂಡು ಹೊರಟವನ ಮೇಲಿದೆ. ಫೋನಿನಲ್ಲಿ ಗಿಣಿಯ ಧ್ವನಿ ಕೇಳಿದ ಹಾಗಾಗುತ್ತದೆ ಎಂದು ನಡುಗುತ್ತಿದ್ದೆ. ಗಿಣಿಯದೇ ಆಗಿತ್ತಲ್ಲೋ! ಇನ್ನು ಮೇಲೆ ಫೋನ್ ಎತ್ತುತ್ತೇನೆ. ಯಾವಾಗಲಾದರೂ ಬಾ. ಬರಬೇಡ ಎನ್ನಲು ನನಗೆ ಇನ್ನೊಬ್ಬ ತಮ್ಮ ಉಳಿದಿಲ್ಲ.

ಆದರೆ ನನ್ನನ್ನು ಈಗ ತಿನ್ನುತ್ತಿರುವುದು ನೀನಲ್ಲ, ಅವನು. ನಾನು ಅವನ ಮಾತು ಕೊಂದೆ ಎಂದು ಅವನಿಗೆ ಉಣಿಸಿದೆ, ತಲೆ ಬಾಚಿದೆ, ಕಾಜ ಹಾಕಲು ಕಲಿಸಿದೆ. ಐವತ್ತೊಂದು ವರ್ಷ ಅವನ ಮುಖದಲ್ಲಿ ನಿನ್ನನ್ನು ಹುಡುಕಿದೆ. ಅವನು ಮೊದಲಿನಿಂದಲೂ ಅವನೇ ಆಗಿದ್ದ, ಏನನ್ನೂ ಕಳೆದುಕೊಂಡಿರಲಿಲ್ಲ. ಹಾಗೆ ನಾನು ಒಂದು ದಿನವೂ ಅವನನ್ನು ನೋಡಲಿಲ್ಲ.

ಇನ್ನೊಂದು ಇದೆ. ಗಿಣಿ, ಗಿಣಿ ಎಂದು ಎಷ್ಟು ಕೂಗಿದರೂ ಅವನು ತಿರುಗುತ್ತಿರಲಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಬೇಕಿತ್ತು. ಕಿವಿ ಮಂದ ಎಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. "ಇವನ ಕಿವಿ ನನ್ನದಕ್ಕಿಂತ ಚೆನ್ನಾಗಿದೆಯಲ್ಲಮ್ಮ" ಎಂದರು. ಮೊಂಡ ಎಂದುಕೊಂಡೆ. ಮೊಂಡನಾಗಿರಲಿಲ್ಲ ಅವನು. ಕರೆದದ್ದು ಅವನನ್ನಲ್ಲ ಎಂದು ಅವನಿಗೆ ಗೊತ್ತಿತ್ತು. ತನ್ನನ್ನು ಯಾರಾದರೂ ಕರೆಯಲಿ ಎಂದು ಕಾಯುತ್ತಿದ್ದನೋ ಏನೋ, ಸಾಯುವವರೆಗೂ.

ಇವತ್ತು ಬೆಳಗ್ಗೆ ಅಂಗಡಿ ತೆರೆದು, ಬಾಗಿಲಿಗೆ ಬೆನ್ನು ಮಾಡಿ ನಿಂತು, ಆ ಸ್ಟೂಲಿನ ಕಡೆಗೆ "ಗುಬ್ಬೀ" ಎಂದು ಕರೆದೆ. ಜೋರಾಗಿಯೇ ಕರೆದೆ. ಎರಡನೇ ಸಲ ಕರೆಯಲು ಧೈರ್ಯ ಬರಲಿಲ್ಲ. ಅವನು ತಿರುಗಿದ್ದರೆ ನಾನು ಏನು ಹೇಳುತ್ತಿದ್ದೆ?

ಅಕ್ಕ